ಚಿನ್ನಿದಾಂಡು ಆಡ್ಲಿ, ಎದುರಿಗೆ ನಿಲ್ಲೋದು ಬೇಡ

ಕೇಳಮ್ಮ ಇಲ್ಲಿ, ರಜಕ್ಕೆ ಊರಿಗೆ ಬಂದಿರೋ ನಮ್ಮ ಪುಟ್ಟ, ದೊಡ್ಡ ಹುಡುಗ್ರ ಜೊತೆ ಚಿನ್ನಿದಾಂಡು ಆಡ್ತಾನೆ, ಬಿಡ್ಲೋ ಬೇಡ್ವೋ ಅಂತ ಕೇಳಿದೀಯಲ್ಲ. ನಿನ್ನ ಭಯ ಸುಳ್ಳಲ್ಲ. ಮೂಲೆಮನೆ ಅತ್ತೆಯ ಕಿರೀಮಗ ನಿಮಗೆಲ್ಲ ಗೊತ್ತೇ ಇದೆ, ಅವನ ಎಡಗಣ್ಣು ಹೋಗಿದ್ದು ಹೀಗೇ. ಕ್ಯಾಚ್ ಹಿಡೀತೀನಿ ಅಂತ ಗುಳಿಯಿಂದ ನಾಲ್ಕೈದು ಹೆಜ್ಜೆ ದೂರದಲ್ಲಿ, ಹೊಡೆಯೋನ ಎದುರಿಗೇ ಬಗ್ಗಿ ನಿಂತಿದ್ದ. ಚೆನ್ನಾಗಿ ಎಗರಲಿ ಅಂತ ಚಿನ್ನಿ ತುದೀನ ಮುಳ್ಳಿನ ಹಾಗೆ ಕೆತ್ತಿದ್ರು. ಎಗರಿದ ಚಿನ್ನಿಗೆ ದಾಂಡಿನ ಏಟು ಬಿದ್ದಿದ್ದೇ ತಡ, ತಿರುಗ್ತಾ ಬಂದು ಕಣ್ಣಿಗೇ ಬಡೀತು. ರಕ್ತ ಬರ್ಲಿಲ್ಲವಲ್ಲ, ಏನಾಗಲ್ಲ ಅಂತ ಎದೆಹಾಲು ಬಿಟ್ಟು, ಬಟ್ಟೆ ಬಿಗಿದು ಮಲಗಿಸಿದ್ರು. ಒಳಗೆ ರಕ್ತ ಕಟ್ಕೊಂಡು ಕಣ್ಣಿನ ಒತ್ತಡ ಏರ್ತಾನೇ ಇತ್ತು. ಆಸ್ಪತ್ರೆಗೆ ಹೋಗೋ ಹೊತ್ತಿಗೆ ನರ ಹಾಳಾಗಿತ್ತು.

ಅದಕ್ಕೇ ಹೇಳ್ತೀನಿ, ಹೊಡೆಯೋನ ಎದುರಿಗೆ ಹತ್ತಿರದಲ್ಲಿ ಯಾರೂ ನಿಲ್ಲಬಾರದು. ಹಿಡಿಯೋರು 20 ಹೆಜ್ಜೆಯಾದ್ರೂ ಆಚೆ ಇರಬೇಕು. ಸರದಿಗೆ ಕಾಯೋರು ಹೊಡೆಯೋನ ಬೆನ್ನ ಹಿಂದೆ, ದಾಂಡು ಬೀಸಿದ್ರೂ ತಾಗದಷ್ಟು ದೂರ.

ಆದ್ರೆ 20 ಹೆಜ್ಜೆ ಜಾಗ ಎಲ್ಲಿದೆ ಈಗ? ಸುಗ್ಗಿ ಮುಗಿದ್ರೆ ಬಯಲೆಲ್ಲ ಮಕ್ಕಳದೇ ಆಗಿತ್ತು. ಕೈಯಲ್ಲಿ ಕಾಸಿಲ್ಲದಿದ್ರೂ ಆಟಕ್ಕೆ ಕೊರತೆ ಇರ್ಲಿಲ್ಲ. ಕುಂಟೆಬಿಲ್ಲೆಗೆ ಒಡೆದ ಹೆಂಚು, ಅಳಗುಳಿಮಣೆಗೆ ಹುಣಸೆಬೀಜ, ಲಗೋರಿಗೆ 7 ಚಪ್ಪಟೆ ಕಲ್ಲು, ಹಳೇ ಬಟ್ಟೆ ಸುತ್ತಿದ ಚೆಂಡು. ಊರ ಮುಂದಿನ ಬಯಲಿಗೆ ಬೇಲಿ ಹಾಕಿ ಸೈಟು ಮಾಡಿದ್ರಲ್ಲ, ಆವತ್ತು ನಮ್ಮ ಮನೆಯವ್ರೂ ತಲೆ ಆಡಿಸಿ ಬಂದ್ರು. ಮಕ್ಕಳು ಎಲ್ಲಿ ಆಡ್ಬೇಕು ಅಂತ ಒಬ್ರೂ ಕೇಳ್ಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ ನಂಗೆ. ಈಗ ಎರಡು ಮನೆ ನಡುವಿನ ಸಂದೀಲಿ ಆಡ್ತಾವೆ ಪಾಪ, ಗೋಡೆಗೆ ಬಡಿದ ಚಿನ್ನಿ ಎತ್ತ ತಿರುಗತ್ತೆ ಅಂತ ಹೇಳೋಕಾಗಲ್ಲ. ಇನ್ನೊಂದ್ಸಲ ಹೇಳ್ತೀನಿ, ಎದುರಿಗೆ ನಿಲ್ಲಬಾರದು, ಸಂದೀಲಂತೂ ಆಡ್ಲೇಬಾರದು.

ಅಯ್ಯೋ, ನೀನು ಕೇಳಿದ್ದೇ ಬಿಟ್ಟುಹೋಯ್ತು. ಬಿಡು, ಆಡ್ಲಿ. ಆದ್ರೆ ಚಿನ್ನಿ ಸರಿಯಾಗಿ ಮಾಡಿಕೊಡ್ಬೇಕು. ಗಂಟಿಲ್ಲದ, ಒಣಗಿದ ಸೀಬೆ ಕೊಂಬೆ ತಗೊಳ್ಳಿ. ಬಿರುಕು ಬಿಟ್ಟಿದ್ದು ಬೇಡ, ಏಟಿಗೆ ಸೀಳಿ ಚೂರು ಹಾರತ್ತೆ. ಚಿನ್ನಿ 4 ಇಂಚು ಸಾಕು, ಎರಡೂ ಕಡೆ ಒಂದೊಂದು ಇಂಚು ಇಳಿಜಾರಾಗಿ ಕೆತ್ತಿ, ತುದೀನ ಕಲ್ಲಿಗೆ ಉಜ್ಜಿ ಕಿರುಬೆರಳ ತುದಿಯಷ್ಟು ಮೊಂಡು ಮಾಡ್ಬೇಕು. ಎಗರೋದಕ್ಕೆ ಚೂಪು ಬೇಕಿಲ್ಲ. ತುದಿ ನೆಲದಿಂದ ಮೇಲಿರತ್ತಲ್ಲ, ಅದನ್ನ ತಟ್ಟಿದ್ರೆ ತಾನೇ ಏಳತ್ತೆ. ದಾಂಡು ಒಂದೂವರೆ ಅಡಿ, ಅವನ ಮುಷ್ಟಿಗೆ ಸಿಗೋ ದಪ್ಪ. ಹಿಡಿಗೆ ಬಟ್ಟೆ ಸುತ್ತಿ, ಇಲ್ದಿದ್ರೆ ಬೆವರಿಗೆ ಜಾರಿ ದಾಂಡೇ ಹಾರತ್ತೆ.

ಅಕಸ್ಮಾತ್ ಕಣ್ಣಿಗೆ ಬಿದ್ರೆ ಉಜ್ಜಬೇಡಿ, ಒತ್ತಿ ಕಟ್ಟಬೇಡಿ, ಎಣ್ಣೆ ಹಾಲು ಏನೂ ಬಿಡಬೇಡಿ. ಕಣ್ಣಿಗೆ ತಾಗದ ಹಾಗೆ ಕಾಗದದ ಲೋಟ ಮುಚ್ಚಿ, ತಕ್ಷಣ ಕಣ್ಣಿನ ಡಾಕ್ಟರ ಹತ್ರ ಹೋಗಿ. ನೋವಿಲ್ಲ ಅಂದ್ರೂ ಹೋಗಿ. ಇವತ್ತು ಸಂಜೆ ಅವನ ಚಿನ್ನಿ ತಗೊಂಡು ತುದಿ ಮುಟ್ಟಿ ನೋಡು, ಚುಚ್ಚಿದ್ರೆ ಉಜ್ಜಿಸಿದ ಮೇಲೇ ಆಟಕ್ಕೆ ಕಳಿಸು.