ಹಳೆಯ ಮಾರುತಿ 800ಕ್ಕೆ ಮನೆಯಲ್ಲೇ ವಿದ್ಯುತ್ ಮೋಟಾರು: ಆಗುಂಬೆ ಘಾಟಿ ಹತ್ತಲು ಎಷ್ಟು ಶಕ್ತಿ ಬೇಕು?

ಪ್ರಶ್ನೆ (ತೀರ್ಥಹಳ್ಳಿಯಿಂದ)

ನಮ್ಮ ತಂದೆಯವರು ಕೊಂಡಿದ್ದ 1997ರ ಮಾರುತಿ 800 ಕಾರು ಈಗಲೂ ಮನೆಯಲ್ಲಿದೆ. ಮಳೆಗಾಲವಿಡೀ ಮಾಡಿನ ಕೆಳಗೇ ನಿಂತಿದ್ದರಿಂದ ತಳಕ್ಕೆ ತುಕ್ಕು ಹಿಡಿದಿಲ್ಲ. ಆದರೆ ಪಿಸ್ಟನ್ ರಿಂಗ್ ಬದಲಿಸಿದ ಮೇಲೂ ಎಂಜಿನ್ ಆಯಿಲ್ ತಿನ್ನುವುದು ನಿಂತಿಲ್ಲ. ಅದನ್ನು ಗುಜರಿಗೆ ಹಾಕಲು ಮನಸ್ಸು ಒಪ್ಪುತ್ತಿಲ್ಲ. ಇಪ್ಪತ್ತು ವರ್ಷಗಳಿಂದ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಿರುವುದರಿಂದ, ಎಂಜಿನ್ ಇಳಿಸಿ ಮೋಟಾರು ಕೂರಿಸುವ ಕೆಲಸವನ್ನು ನಾನೇ ಮಾಡಬಲ್ಲೆನೆಂಬ ಧೈರ್ಯವಿದೆ. ದಿನಕ್ಕೆ ನಲವತ್ತು ಕಿಲೋಮೀಟರ್ ಓಡಾಟ. ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಹೆಬ್ರಿಗೆ ಹೋಗಿ ಸಂಜೆಗೆ ಹತ್ತಿ ಬರಬೇಕು. ಎಷ್ಟು ಶಕ್ತಿಯ ಮೋಟಾರು, ಎಷ್ಟು ಬ್ಯಾಟರಿ ಬೇಕು? ಗೇರ್‌ಬಾಕ್ಸ್ ಉಳಿಸಿಕೊಳ್ಳಬೇಕೇ?

ಉತ್ತರ 1 (ಶಿವಮೊಗ್ಗದಿಂದ)

ಘಾಟಿಯ ಲೆಕ್ಕವನ್ನು ಮೊದಲು ಮಾಡಿ. ಬಯಲು ದಾರಿಯದು ಅದರೊಳಗೇ ಅಡಗುತ್ತದೆ. ಕಾರಿನ ಸ್ವಂತ ತೂಕ ಸುಮಾರು 650 ಕೆ.ಜಿ. ಎಂಜಿನ್, ಪೆಟ್ರೋಲ್ ಟ್ಯಾಂಕ್, ಸೈಲೆನ್ಸರ್ ಇಳಿಸಿ, ಮೋಟಾರು ಬ್ಯಾಟರಿಗಳನ್ನು ಏರಿಸಿ, ಇಬ್ಬರು ಕುಳಿತರೆ 900 ಕೆ.ಜಿ. ಎಂದು ಹಿಡಿಯಿರಿ. ನೂರು ಅಡಿ ಸಾಗಿದರೆ ಹತ್ತು ಅಡಿ ಏರುವ ದಾರಿಯಲ್ಲಿ ಇಷ್ಟು ತೂಕವನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ಒಯ್ಯಲು ಚಕ್ರಗಳಿಗೆ ಸುಮಾರು 8.5 ಕಿಲೋವ್ಯಾಟ್ ತಲುಪಬೇಕು. ನಡುವೆ ಸೋರುವುದನ್ನು ಸೇರಿಸಿದರೆ ಬ್ಯಾಟರಿಯಿಂದ 11 ಕಿಲೋವ್ಯಾಟ್ ಹರಿಯಬೇಕು. ಆದ್ದರಿಂದ ಬಿಡುವಿಲ್ಲದೆ 10 ಕಿಲೋವ್ಯಾಟ್, ಅಂದರೆ 13 ಎಚ್.ಪಿ.ಯಷ್ಟು, ಕೊಡಬಲ್ಲ ಮೋಟಾರು ನೋಡಿ. ಮಾರುವವರು ದೊಡ್ಡಕ್ಷರದಲ್ಲಿ ಬರೆಯುವುದು ಕ್ಷಣಕಾಲದ ಗರಿಷ್ಠ ಶಕ್ತಿಯನ್ನು. ಘಾಟಿಯ ತಿರುವುಗಳಲ್ಲಿ ಅದು ಉಪಯೋಗಕ್ಕೆ ಬಾರದು.

ಗೇರ್‌ಬಾಕ್ಸನ್ನು ಖಂಡಿತ ಉಳಿಸಿಕೊಳ್ಳಿ. ಎರಡನೇ ಗೇರಿನಲ್ಲಿ ಹತ್ತಿದರೆ ಮೋಟಾರು ವೇಗವಾಗಿ ತಿರುಗುತ್ತದೆ, ಕರೆಂಟು ಕಡಿಮೆ ಎಳೆಯುತ್ತದೆ, ಬಿಸಿಯಾಗುವುದೂ ಕಡಿಮೆ.

3.2 ವೋಲ್ಟ್, 150 ಆಂಪಿಯರ್-ಅವರ್‌ನ 24 ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ 76.8 ವೋಲ್ಟ್, ಸುಮಾರು 11.5 ಯೂನಿಟ್ ಸಿಗುತ್ತದೆ. ಪೂರ್ತಿ ಬರಿದಾಗಿಸದೆ ಓಡಿಸಿದರೆ 80ರಿಂದ 90 ಕಿ.ಮೀ. ಬಂದೀತು. ಹೆಬ್ರಿಗೆ ಹೋಗಿ ಬರುವ ದಾರಿ ನೂರು ಕಿಲೋಮೀಟರಿಗೂ ಹೆಚ್ಚಾಗುವುದರಿಂದ ಅಲ್ಲಿ 16 ಆಂಪಿಯರ್ ಸಾಕೆಟ್ಟಿಗೆ ಎರಡು ಮೂರು ಗಂಟೆ ಹಾಕಲೇಬೇಕು.

ನಿಮ್ಮ ವೃತ್ತಿಯವರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಎ.ಸಿ. ವಿದ್ಯುತ್ತು ಸೆಕೆಂಡಿಗೆ ನೂರು ಬಾರಿ ಸೊನ್ನೆಗೆ ಬರುವುದರಿಂದ ಸ್ವಿಚ್ಚಿನ ಕಿಡಿ ಬೇಗ ಆರುತ್ತದೆ, ಬ್ಯಾಟರಿ ಕೊಡುವ ಡಿ.ಸಿ.ಯ ಕಿಡಿ ಹಾಗೆ ಆರದೆ ಉರಿಯುತ್ತಲೇ ಇರುತ್ತದೆ. ಪಂಪ್‌ಸೆಟ್ಟಿನ ಫ್ಯೂಸು, ಎಂ.ಸಿ.ಬಿ.ಗಳನ್ನು ಇಲ್ಲಿ ಬಳಸಬೇಡಿ.

ಉತ್ತರ 2 (ಸಾಗರದಿಂದ)

ತೋಟದೊಳಗೆ ಗೊಬ್ಬರ, ಅಡಿಕೆ ಸಾಗಿಸಲೆಂದು ಹಳೆಯ ಓಮ್ನಿಯೊಂದಕ್ಕೆ ಫೋರ್ಕ್‌ಲಿಫ್ಟಿನ ಮೋಟಾರು ಕೂರಿಸಿದ್ದೇನೆ. ಅದು ರಸ್ತೆಗೆ ಇಳಿಯುವುದಿಲ್ಲ. ನನಗೆ ಅತಿ ಹೆಚ್ಚು ದಿನ ಹಿಡಿದದ್ದು ಮೋಟಾರಿಗೂ ಗೇರ್‌ಬಾಕ್ಸಿಗೂ ನಡುವಿನ ಅಡಾಪ್ಟರ್ ಪ್ಲೇಟ್. ಎರಡೂ ಶಾಫ್ಟುಗಳ ನಡುಗೆರೆ ಕೂದಲೆಳೆಯಷ್ಟು ತಪ್ಪಿದರೂ ಕಾರು ನಡುಗುತ್ತದೆ, ಬೇರಿಂಗ್ ಕೂಗುತ್ತದೆ. ಮೊದಲ ಪ್ಲೇಟನ್ನು ಕೈಯಿಂದ ಗುರುತು ಹಾಕಿ ಕೊರೆದಿದ್ದೆ. ಒಂದೇ ವಾರದಲ್ಲಿ ಬಿಚ್ಚಬೇಕಾಯಿತು. ಎರಡನೆಯದನ್ನು ಶಿವಮೊಗ್ಗದಲ್ಲಿ ಲೇಥ್ ಕೆಲಸದವರಿಂದ, ಎಂಜಿನ್ನನ್ನು ಗೇರ್‌ಬಾಕ್ಸಿಗೆ ಸರಿಯಾಗಿ ಕೂರಿಸುವ ಡೋವೆಲ್ ಪಿನ್‌ಗಳನ್ನೇ ಆಧಾರವಾಗಿಟ್ಟು ಮಾಡಿಸಿದೆ.

ನಿಮ್ಮ ಕಾರಿಗೆ ಬ್ರೇಕ್ ಬೂಸ್ಟರ್ (ಪೆಡಲ್ ಒತ್ತುವುದನ್ನು ಹಗುರಾಗಿಸುವ ಭಾಗ) ಇದ್ದರೆ, ಅದಕ್ಕೆ ನಿರ್ವಾತ ಸಿಗುತ್ತಿದ್ದುದು ಎಂಜಿನ್ನಿನಿಂದಲೇ. ಎಂಜಿನ್ ಹೋದ ಮೇಲೆ ವಿದ್ಯುತ್ ವ್ಯಾಕ್ಯೂಮ್ ಪಂಪ್ ಇಡದಿದ್ದರೆ ಇಳಿಜಾರಿನಲ್ಲಿ ಪೆಡಲ್ ಕಲ್ಲಿನಂತಾಗುತ್ತದೆ. ಆಲ್ಟರ್ನೇಟರೂ ಇರುವುದಿಲ್ಲವಾದ್ದರಿಂದ ದೀಪ, ವೈಪರ್‌ಗಳಿಗೆ ದೊಡ್ಡ ಬ್ಯಾಟರಿಯ ವೋಲ್ಟೇಜನ್ನು ಇಳಿಸಿಕೊಡುವ ಡಿ.ಸಿ.-ಡಿ.ಸಿ. ಕನ್ವರ್ಟರ್ ಬೇಕು. ನಮ್ಮ ಮಳೆಯಲ್ಲಿ ಕನೆಕ್ಟರುಗಳ ಬಾಯಿ ಕೆಳಮುಖವಾಗಿರಲಿ.

ಉತ್ತರ 3 (ಶಿವಮೊಗ್ಗದಿಂದ)

ಒಂದು ಸ್ಪ್ಯಾನರ್ ಹಿಡಿಯುವ ಮೊದಲು ಕಾಗದಪತ್ರ ನೋಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ಆರ್.ಸಿ.ಯಲ್ಲಿರುವ ವಿವರಕ್ಕೆ ಹೊಂದದ ಮಾರ್ಪಾಡನ್ನು ಮಾಲೀಕರು ತಾವಾಗಿ ಮಾಡುವಂತಿಲ್ಲ. ರಸ್ತೆಗೆ ಬರುವ ಕಾರಿಗೆ, ಪುಣೆಯ ಎ.ಆರ್.ಎ.ಐ.ಯಂಥ ಸಂಸ್ಥೆ ಪರೀಕ್ಷಿಸಿ ಅನುಮೋದಿಸಿದ ಕಿಟ್ಟನ್ನು (ಮೋಟಾರು, ಬ್ಯಾಟರಿ ಮೊದಲಾದವುಗಳ ಸಿದ್ಧ ಜೋಡಣೆಯನ್ನು) ಅಧಿಕೃತ ಅಳವಡಿಕೆದಾರರಿಂದ ಹಾಕಿಸಿ, ಆರ್‌ಟಿಒದಲ್ಲಿ ಇಂಧನದ ನಮೂದು ಬದಲಿಸಿಕೊಳ್ಳಬೇಕು. ಬಿಡಿಭಾಗ ತಂದು ಮನೆಯಲ್ಲಿ ಜೋಡಿಸಿದ ಕಾರು ಎಷ್ಟೇ ಚೆನ್ನಾಗಿದ್ದರೂ, ಅಪಘಾತವಾದ ದಿನ ವಿಮೆಯ ಆಸರೆ ಸಿಗದೇ ಹೋಗಬಹುದು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೆ ನವೀಕರಣವಾಗಬೇಕು, ನಿಮ್ಮದು ಚಾಲ್ತಿಯಲ್ಲಿದೆಯೇ?

ಪ್ರಶ್ನೆ ಕೇಳಿದವರು

2027ರವರೆಗೆ ಚಾಲ್ತಿಯಲ್ಲಿದೆ. ಹಾಗಾದರೆ ಅನುಮೋದಿತ ಕಿಟ್ಟನ್ನೇ ವಿಚಾರಿಸುತ್ತೇನೆ. ಎಂಜಿನ್ ಇಳಿಸುವುದು, ತಳ ಶುಚಿಗೊಳಿಸಿ ಬಣ್ಣ ಬಳಿಯುವುದು ನನ್ನ ಪಾಲಿಗಿರಲಿ. ಘಾಟಿ ಇಳಿಯುವಾಗ ಬ್ಯಾಟರಿ ತುಂಬಿಕೊಳ್ಳುತ್ತದೆಯೇ?

ಉತ್ತರ 1ರವರು

ಮೋಟಾರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಕಂಟ್ರೋಲರಿನಲ್ಲಿ ಆ ಸೌಲಭ್ಯವಿದ್ದರೆ ಸ್ವಲ್ಪ ತುಂಬುತ್ತದೆ. ಸುಮಾರು 500 ಮೀಟರ್ ಇಳಿಯುವಾಗ 900 ಕೆ.ಜಿ.ಯಿಂದ ಬಿಡುಗಡೆಯಾಗುವುದೇ 1.2 ಯೂನಿಟ್, ಅದರಲ್ಲಿ ಅರ್ಧ ಬಂದರೆ ದೊಡ್ಡದು. ತುಂಬಿದ ಬ್ಯಾಟರಿ ಅದನ್ನು ಸ್ವೀಕರಿಸುವುದಿಲ್ಲ, ಆದರೆ ತೀರ್ಥಹಳ್ಳಿಯಿಂದ ಆಗುಂಬೆ ತಲುಪುವಷ್ಟರಲ್ಲಿ ಬೇಕಾದಷ್ಟು ಜಾಗ ಆಗಿರುತ್ತದೆ.