ಮೂಕಿ ಚಿತ್ರಕ್ಕೆ ಬಯಲಾಟದ ಹಾರ್ಮೋನಿಯಂ ಹೊಂದುತ್ತದೆಯೇ?

ಪ್ರಶ್ನೆ (ಗಂಗಾವತಿಯಿಂದ):
ನಮ್ಮ ಓಣಿಯ ಗುಡಿಯ ಮುಂದೆ ಪರದೆ ಕಟ್ಟಿ ನಾರ್ವೆಯ ರಾಸ್ಮುಸ್ ಬ್ರೈಸ್ಟೈನ್ ನಿರ್ದೇಶಿಸಿದ ‘ಫಾಂತೆ-ಆನ್ನೆ’ (1920) ತೋರಿಸಬೇಕೆಂದಿದ್ದೇನೆ. ಸತ್ತ ಅಲೆಮಾರಿ ತಾಯಿಯ ಬಳಿ ಸಿಕ್ಕ ಕೂಸು ಆನ್ನೆ ಹೊಲಮನೆಯುಳ್ಳವರ ಮನೆಯಲ್ಲಿ ಬೆಳೆಯುತ್ತದೆ. ಆ ಮನೆಯ ಮಗನ ಮೇಲೆಯೇ ಆನ್ನೆಗೆ ಮನಸ್ಸು. ಅವನ ತಾಯಿ ಒಪ್ಪುವುದಿಲ್ಲ. ಬೇರೊಬ್ಬಳನ್ನು ಮದುವೆಯಾಗಲು ಅವನು ಕಟ್ಟಿಸಿದ ಮನೆಗೆ ಆನ್ನೆ ಬೆಂಕಿಯಿಡುತ್ತಾಳೆ. ಆ ತಪ್ಪನ್ನು ತನ್ನ ಮೇಲೆ ಹೊತ್ತು ಜೈಲಿಗೆ ಹೋಗುವವನು ಬಡ ಆಳು ಯೋನ್. ಮೊಬೈಲಿನಲ್ಲಿ ನೋಡುತ್ತಿದ್ದಾಗ ಅಮ್ಮ ಜೋಳ ಹಸನು ಮಾಡುವುದನ್ನು ಬಿಟ್ಟು ಪಕ್ಕಕ್ಕೆ ಬಂದು ಕುಳಿತರು. ಅಪ್ಪ ನಲವತ್ತು ವರ್ಷ ಬಯಲಾಟಕ್ಕೆ ಹಾರ್ಮೋನಿಯಂ ನುಡಿಸಿದವರು. ಅವರೇ ನುಡಿಸಬಹುದೇ? ನಡುನಡುವೆ ಬರುವ ಬರಹವನ್ನು ಏನು ಮಾಡುವುದು?

ಉತ್ತರ (ಸಿಂಧನೂರಿನಿಂದ):
ಖಂಡಿತ ನುಡಿಸಲಿ, ಅಕ್ಕಾ. ಬ್ರೈಸ್ಟೈನ್ ಸ್ವತಃ ನಟ, ನಾರ್ವೆಯ ಜನಪದ ವಾದ್ಯವಾದ ಹಾರ್ಡಾಂಗರ್ ಪಿಟೀಲಿನ ವಾದಕ. ಆ ಪಿಟೀಲಿನಲ್ಲಿ ಕಮಾನು ತಾಗುವ ತಂತಿಗಳ ಕೆಳಗೆ ಬೇರೆ ತಂತಿಗಳಿದ್ದು, ನಮ್ಮ ಸಾರಂಗಿಯ ತರಬು ತಂತಿಗಳಂತೆ ತಾವಾಗಿಯೇ ಮಿಡಿಯುತ್ತವೆ. ಅಪ್ಪ ಷಡ್ಜ ಹಿಡಿದು ನಿಧಾನವಾಗಿ ತಿದಿ ಒತ್ತಿದರೆ ಆ ಗುಂಗು ಬರುತ್ತದೆ. ಬೆಂಕಿಯ ದೃಶ್ಯದಲ್ಲಿ ಮಾತ್ರ ಕೈ ತೆಗೆಯಲಿ. ಹಳ್ಳಿಗೇ ಹೋಗಿ, ಹೊಲ, ದನದ ಕೊಟ್ಟಿಗೆಗಳ ನಡುವೆ ಕ್ಯಾಮೆರಾ ನಿಲ್ಲಿಸಿ ತೆಗೆದ ಚಿತ್ರವದು. ಹಳ್ಳಿಯ ನಾದಕ್ಕೆ ಅದು ಮುನಿಸಿಕೊಳ್ಳುವುದಿಲ್ಲ.

ಉತ್ತರ (ಸಿರುಗುಪ್ಪದಿಂದ):
ಬರಹವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿಸಿ. ತೊಗಲುಗೊಂಬೆಯಾಟದಲ್ಲಿ ಪರದೆಯ ಹಿಂದಿನ ದನಿಯನ್ನು ಕೇಳಿ ಬೆಳೆದ ಜನ ನಾವು. ಓದುವವರು ಮೊದಲೇ ಎರಡು ಸಲ ಚಿತ್ರ ನೋಡಿರಬೇಕು, ಇಲ್ಲದಿದ್ದರೆ ದನಿ ಹಿಂದೆ ಬೀಳುತ್ತದೆ. ಆನ್ನೆಯಾದ ಓಸ್ತಾ ನೀಲ್ಸನ್ ಡೆನ್ಮಾರ್ಕಿನ ಪ್ರಸಿದ್ಧ ತಾರೆಯಲ್ಲ, ಹೆಚ್ಚುಕಡಿಮೆ ಅದೇ ಹೆಸರಿನ ನಾರ್ವೆಯ ನಟಿ. ಪರಿಚಯ ಹೇಳುವಾಗ ತಪ್ಪಬೇಡಿ. ಇನ್ನೊಂದು ಮಾತು ಹೇಳಲೇಬೇಕು. 1913ರ ಕಾನೂನಿನಿಂದ ಚಿತ್ರಮಂದಿರಗಳಿಗೆ ಪರವಾನಗಿ ಕೊಡುವ ಅಧಿಕಾರ ನಾರ್ವೆಯ ಪುರಸಭೆಗಳಿಗೆ ಸಿಕ್ಕಿತು. ಎಷ್ಟೋ ಊರುಗಳು ತಾವೇ ಚಿತ್ರಮಂದಿರ ನಡೆಸಿದವು. ಈ ಚಿತ್ರವನ್ನು ನಿರ್ಮಿಸಿದ್ದೂ ಪುರಸಭೆಗಳ ಚಲನಚಿತ್ರ ಸಂಸ್ಥೆಯೇ. ಹಾಗಾಗಿ ಓಣಿಯವರೆಲ್ಲ ಸೇರಿ ತೋರಿಸುತ್ತಿರುವುದು ನನಗೆ ಬಹಳ ಸಂತೋಷ ತಂದಿದೆ.

ಗಂಗಾವತಿಯಿಂದ:
ಇಬ್ಬರಿಗೂ ನಮಸ್ಕಾರ. ನಿನ್ನೆ ರಾತ್ರಿ ಅಪ್ಪನಿಗೆ ತೋರಿಸಿದೆ. ಯೋನ್ ಮತ್ತು ಅವನ ಮುದಿ ತಾಯಿಯ ದೃಶ್ಯವನ್ನು ಮೂರು ಸಲ ಹಾಕಿಸಿಕೊಂಡು, ‘ಇಲ್ಲಿ ರಾಗ ಬೇಡ, ಒಂದೇ ಸ್ವರ ಸಾಕು’ ಎಂದರು. ತಾಯಿಯ ಮಾತುಗಳನ್ನು ಅಮ್ಮನೇ ಓದುತ್ತಾರಂತೆ. ಭತ್ತದ ಕೊಯ್ಲು ಮುಗಿದ ವಾರ ತೋರಿಸುತ್ತೇವೆ. ಎರಡು ಪಂಚೆ ಹೊಲಿದರೂ ಪರದೆಯ ಅಗಲ ಸಾಲುತ್ತಿಲ್ಲ. ಹತ್ತಿರದಲ್ಲಿ ಯಾರ ಬಳಿಯಾದರೂ ದೊಡ್ಡ ಬಿಳಿ ಬಟ್ಟೆ ಇದ್ದರೆ ತಿಳಿಸಿ.