ಅಪ್‌ಡೇಟ್: ಕೆಂಪು ದೀಪ ಮಿನುಗುತ್ತಿದ್ದ ಟಿವಿ ಸರಿಯಾಯಿತು

ಕೆಂಪು ದೀಪ ಮಿನುಗುತ್ತದೆ, ಒಳಗೆ ಟಿಕ್ ಟಿಕ್ ಸದ್ದು, ಚಿತ್ರ ಮಾತ್ರ ಬರುವುದಿಲ್ಲ ಎಂದು ನಮ್ಮ ಹಳೆಯ 32 ಇಂಚಿನ ಎಲ್‌ಸಿಡಿ ಟಿವಿಯ ಬಗ್ಗೆ ಕೇಳಿದ್ದೆನಲ್ಲ, ಅದು ಈಗ ನಡೆಯುತ್ತಿದೆ. ಫ್ಯೂಸ್ ನೋಡಿ ಎಂದವರಿಗೆ: ಅದು ನೆಟ್ಟಗಿತ್ತು. ದೀಪಕ್ಕೆ ಕರೆಂಟು ಬರುತ್ತಿದೆಯೆಂದರೆ ಮುಖ್ಯ ಫ್ಯೂಸ್ ಹೋಗಿಲ್ಲವೆಂದೇ ಲೆಕ್ಕ. ಸ್ಟೆಬಿಲೈಸರ್ ಹಾಕಿ ನೋಡಿದೆವು, ಜಪ್ಪಯ್ಯ ಎಂದರೂ ಆನ್ ಆಗಲಿಲ್ಲ.

ಕೈ ಹಿಡಿದದ್ದು ಕೆಪಾಸಿಟರ್ (ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಡಬ್ಬಿಯಂಥ ಬಿಡಿಭಾಗ) ನೋಡಿ ಎಂಬ ಸಲಹೆ. ಹಿಂದಿನ ಮುಚ್ಚಳ ತೆಗೆದರೆ, ಪವರ್ ಬೋರ್ಡಿನಲ್ಲಿ ಬಿಸಿ ಹೊರಹಾಕುವ ಲೋಹದ ತುಂಡಿನ (ಹೀಟ್‌ಸಿಂಕ್) ಪಕ್ಕದಲ್ಲೇ ಎರಡು ಕೆಪಾಸಿಟರ್‌ಗಳ ತಲೆ ಪೂರಿಯಂತೆ ಉಬ್ಬಿತ್ತು. ಒಂದರ ನೆತ್ತಿಯಲ್ಲಿ ಕಂದು ಅಂಟು. ಅಲ್ಲಿನ ಬಿಸಿಯೇ ಅವುಗಳ ಆಯಸ್ಸು ತಿನ್ನುವುದು. ಮೈಮೇಲೆ 1000 ಮೈಕ್ರೋಫ್ಯಾರಡ್ (ವಿದ್ಯುತ್ತು ಕೂಡಿಡುವ ಸಾಮರ್ಥ್ಯದ ಅಳತೆ), 10 ವೋಲ್ಟ್ ಎಂದಿತ್ತು. ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಯಲ್ಲಿ 16 ವೋಲ್ಟಿನದು ಸಿಕ್ಕಿತು. ವೋಲ್ಟ್ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು. ಮೈಕ್ರೋಫ್ಯಾರಡ್ ಮಾತ್ರ ಅಷ್ಟೇ ಇರಲಿ. 105 ಡಿಗ್ರಿ ಬಿಸಿ ತಾಳುವುದನ್ನೇ ಕೇಳಿ ಪಡೆಯಿರಿ. ಬೆಲೆ? ಪಾರ್ಕಿಂಗ್ ಹುಡುಕಿದ ಶ್ರಮವೇ ಅದಕ್ಕಿಂತ ದುಬಾರಿ.

ಬೆಸುಗೆ ಹಾಕಿಕೊಟ್ಟವರು ರೇಡಿಯೊ ರಿಪೇರಿ ಬಲ್ಲ ನಮ್ಮ ಭಾವ. ನನಗೆ ಗೊತ್ತೇ ಇರದ ಸಂಗತಿಯೆಂದರೆ, ಬೋರ್ಡಿನ ದಪ್ಪ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್‌ನಷ್ಟು ಉಳಿದಿರಬಹುದು. ಮೀಟರ್ ಸೊನ್ನೆಗೆ ಇಳಿಯುವವರೆಗೂ ಭಾವ ಯಾರನ್ನೂ ಹತ್ತಿರ ಸೇರಿಸಲಿಲ್ಲ.